ಫೋನಿನ ಆ ತುದಿಯಲ್ಲಿ ಯಾರಿದ್ದಾರೆ?

ಒಂಟಿಯಾಗಿ ಕಳೆಯಬೇಕಾದ ದಿನಗಳು ಮತ್ತು ವಿದ್ಯಾರ್ಥಿಗಳ ಮನೋಸ್ಥೈರ್ಯ

2021ರ ಜೂನ್ ತಿಂಗಳು. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಒಂದು ಹಳ್ಳಿ. ಮುಂಗಾರು ಮಳೆ ಸುರಿಯುತ್ತಿದೆ. ಎಸ್.ಎಸ್.ಎಲ್.ಸಿ. ಓದುತ್ತಿರುವ ಹುಡುಗಿಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಮನೆಯಲ್ಲಿ ಸಿಗದ ಸಿಗ್ನಲ್ ಅವಳಿಗೆ ಅಲ್ಲಿ ಸಿಗುತ್ತದೆ. ಪಕ್ಕದಲ್ಲಿ ಅವಳ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಈ ಚಿತ್ರ ಆಗ ಪತ್ರಿಕೆಗಳಲ್ಲಿ ಬಂದು ನಾಡಿನ ಗಮನ ಸೆಳೆಯಿತು. ನಿಮ್ಮಲ್ಲಿ ಹಲವರಿಗೆ ಅದು ನೆನಪಿರಬಹುದು.

ಚಿತ್ರ ನೋಡಿದವರು ಹೆಚ್ಚಾಗಿ ಮಾತನಾಡಿದ್ದು ಸಿಗ್ನಲ್ ಬಗ್ಗೆ. ಹಳ್ಳಿಗಳಿಗೆ ಇಂಟರ್‌ನೆಟ್ ತಲುಪಿಲ್ಲ, ಗೋಪುರಗಳು ಸಾಲವು ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಮಾತು ಸರಿಯೇ. ಆದರೆ ಆ ಚಿತ್ರದಲ್ಲಿ ಇನ್ನೊಬ್ಬರಿದ್ದಾರೆ. ಪಾಠ ಮುಗಿಯುವವರೆಗೂ ಮಗಳ ಜೊತೆ ಮಳೆಯಲ್ಲಿ ನಿಂತ ತಂದೆ. ಒಂಟಿತನದ ದಿನಗಳಲ್ಲಿ ಮಕ್ಕಳ ಮನಸ್ಸನ್ನು ಕಾಯುವುದು ಯಾವುದು ಎಂದು ಕೇಳಿದರೆ, ಉತ್ತರಕ್ಕೆ ಈ ಇಬ್ಬರೂ ಬೇಕು. ದೂರದ ದನಿಯನ್ನು ತರುವ ಸಾಧನ ಬೇಕು. ಆ ದನಿಯ ಹಿಂದೆ ಅಥವಾ ಪಕ್ಕದಲ್ಲಿ, ತನ್ನನ್ನು ಗುರುತಿಸುವ ಒಬ್ಬ ಮನುಷ್ಯ ಬೇಕು.

ಮಕ್ಕಳ ಮನಸ್ಸಿನ ಕುರಿತ ಮಾತುಕತೆಗಳಲ್ಲಿ ತಂದೆತಾಯಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಫೋನು ಒಳ್ಳೆಯದೋ ಕೆಟ್ಟದ್ದೋ? ದಿನಕ್ಕೆ ಎಷ್ಟು ಗಂಟೆ ಕೊಡಬಹುದು?" ಗಂಟೆಗಳ ಲೆಕ್ಕ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ. ಫೋನಿನ ಆ ತುದಿಯಲ್ಲಿ ಯಾರಿದ್ದಾರೆ? ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಬಿಡಿಸಿ ನೋಡೋಣ.

ಹತ್ತೊಂಬತ್ತು ತಿಂಗಳು

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಪಿಡುಗು ಎಂದು ಸಾರಿತು. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಜಾರಿಗೆ ಬಂತು. ಅಷ್ಟರೊಳಗೆ ಕರ್ನಾಟಕದ ಶಾಲೆಗಳು ಬಾಗಿಲು ಹಾಕಿದ್ದವು. ಮಾರ್ಚ್ ಕೊನೆಯಲ್ಲಿ ನಡೆಯಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದದ್ದು ಜೂನ್ 25ರಂದು. ಮರುವರ್ಷ ಎರಡನೆಯ ಅಲೆ ಬಂತು. ಆಗ ಇಡೀ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಜುಲೈ 19 ಮತ್ತು 22, ಈ ಎರಡೇ ದಿನಗಳಲ್ಲಿ ಮುಗಿಸಲಾಯಿತು.

ಮಧ್ಯದಲ್ಲಿ ಕೆಲವು ತಿಂಗಳು ದೊಡ್ಡ ತರಗತಿಗಳು ನಡೆದದ್ದುಂಟು. ಆದರೆ ಎರಡನೆಯ ಅಲೆಯ ನಂತರ 9ರಿಂದ 12ನೆಯ ತರಗತಿಗಳು ಮತ್ತೆ ತೆರೆಯತೊಡಗಿದ್ದು 2021ರ ಆಗಸ್ಟ್ 23ರಂದು. 6ರಿಂದ 8ರವರೆಗಿನ ತರಗತಿಗಳು ಸೆಪ್ಟೆಂಬರ್ 6ರಂದು. 1ರಿಂದ 5ರವರೆಗಿನ ಚಿಕ್ಕ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಅಕ್ಟೋಬರ್ 25ರಂದು. ಅಂದರೆ ಸುಮಾರು ಹತ್ತೊಂಬತ್ತು ತಿಂಗಳ ನಂತರ. ಇದು ನಮ್ಮೊಬ್ಬರ ಕಥೆಯಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಆ ವರ್ಷ ಅಡ್ಡಿಯಾಯಿತು.

ಇಂಥ ಸಮಯದಲ್ಲಿ ಆನ್‌ಲೈನ್ ತರಗತಿಯೇ ದಾರಿ ಎಂದು ಎಲ್ಲರೂ ಹೇಳಿದರು. ಆದರೆ ಆ ದಾರಿ ಎಲ್ಲರ ಮನೆಯ ಮುಂದೆ ಹಾದುಹೋಗುತ್ತಿರಲಿಲ್ಲ. ರಾಷ್ಟ್ರೀಯ ಅಂಕಿಸಂಖ್ಯಾ ಕಚೇರಿ 2017-18ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಕುಟುಂಬಗಳಲ್ಲಿ ಇಂಟರ್‌ನೆಟ್ ಸೌಲಭ್ಯವಿದ್ದದ್ದು ಶೇಕಡ 14.9ರಷ್ಟು ಕುಟುಂಬಗಳಿಗೆ. ನಗರಗಳಲ್ಲಿ ಶೇಕಡ 42. ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಹಳ್ಳಿಗಳಲ್ಲಿ ಶೇಕಡ 4.4ರಷ್ಟು ಕುಟುಂಬಗಳಲ್ಲಿ ಮಾತ್ರ. ಒಂದೇ ಫೋನನ್ನು ಅಣ್ಣ, ತಂಗಿ, ಕೆಲಸಕ್ಕೆ ಹೋಗುವ ಅಪ್ಪ ಹಂಚಿಕೊಳ್ಳಬೇಕಾದ ಮನೆಗಳು ಎಷ್ಟೋ ಇದ್ದವು.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ಆದೇಶಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ದಿನಗಳ ಚರ್ಚೆ ಹೆಚ್ಚಾಗಿ ಎರಡು ವಿಷಯಗಳ ಸುತ್ತ ನಡೆಯಿತು. ಪಾಠ ತಪ್ಪಬಾರದು ಎಂಬುದು ಒಂದು, ಮಕ್ಕಳ ಕಣ್ಣು ಕೆಡಬಾರದು ಎಂಬುದು ಇನ್ನೊಂದು. ಮಗುವಿನ ಮನಸ್ಸಿನ ಮಾತು ಸ್ವಲ್ಪ ತಡವಾಗಿ ಬಂತು.

ಶಾಲೆ ಮುಚ್ಚಿದಾಗ ಕಳೆದುಹೋದದ್ದೇನು?

ಶಾಲೆ ಎಂದರೆ ಪಾಠವಷ್ಟೇ ಎಂದುಕೊಂಡರೆ, ಪಾಠವನ್ನು ಫೋನಿನಲ್ಲಿ ಕಳಿಸಿದರೆ ಸಾಕು. ಆದರೆ ಮಗು ಶಾಲೆಯಿಂದ ಪಡೆಯುವುದು ಅದಕ್ಕಿಂತ ಬಹಳ ಹೆಚ್ಚು. ಬೆಳಿಗ್ಗೆ ಇಷ್ಟು ಹೊತ್ತಿಗೆ ಏಳಬೇಕು ಎಂಬ ಕ್ರಮ ಸಿಗುತ್ತದೆ. ಬೆಂಚಿನ ಪಕ್ಕದವಳ ಜೊತೆ ಪಿಸುಮಾತು, ಜಗಳ, ರಾಜಿ ಇರುತ್ತವೆ. ಬಿಸಿಯೂಟದ ಸಾಲು ಇರುತ್ತದೆ. "ಏನೋ, ಇವತ್ತು ಯಾಕೆ ಸಪ್ಪಗಿದ್ದೀಯ?" ಎಂದು ಕೇಳುವ ಮೇಷ್ಟ್ರು ಇರುತ್ತಾರೆ. ಮನೆಯಲ್ಲಿ ಕಷ್ಟವಿರುವ ಮಗುವಿಗಂತೂ ಶಾಲೆ ದಿನಕ್ಕೆ ಆರು ಗಂಟೆಯ ಆಸರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ಆಪ್ತರೊಬ್ಬರಿಲ್ಲದ ಒಂಟಿತನ. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಯಾರೂ ಇಲ್ಲ ಎಂಬ ಭಾವ. ಇನ್ನೊಂದು, ಬಳಗವಿಲ್ಲದ ಒಂಟಿತನ. ನಾನು ಯಾವ ಗುಂಪಿಗೂ ಸೇರಿದವನಲ್ಲ ಎಂಬ ಭಾವ. ಒಂದನ್ನು ತುಂಬಿದರೆ ಇನ್ನೊಂದು ತಾನಾಗಿ ತುಂಬುವುದಿಲ್ಲ. ಅಮ್ಮ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಹದಿನೈದು ವರ್ಷದ ಹುಡುಗನಿಗೆ ಗೆಳೆಯರ ಗುಂಪು ಬೇಕೆನಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರು ಜನರಿದ್ದರೂ ಮನಸ್ಸಿನ ಮಾತು ಹೇಳಲು ಒಬ್ಬರೂ ಇಲ್ಲದಿರಬಹುದು. ಶಾಲೆ ಮುಚ್ಚಿದಾಗ ಅನೇಕ ಮಕ್ಕಳಿಗೆ ಈ ಎರಡೂ ಒಟ್ಟಿಗೆ ತಪ್ಪಿಹೋದವು.

ಇದರ ಪರಿಣಾಮ ಅಳತೆಗೂ ಸಿಕ್ಕಿದೆ. ವಿವಿಧ ದೇಶಗಳ 29 ಅಧ್ಯಯನಗಳನ್ನು ಒಟ್ಟುಗೂಡಿಸಿ 80,000ಕ್ಕೂ ಹೆಚ್ಚು ಮಕ್ಕಳು ಹಾಗೂ ಹದಿಹರೆಯದವರ ಸ್ಥಿತಿಯನ್ನು ಪರಿಶೀಲಿಸಿದ ವರದಿಯೊಂದು 2021ರಲ್ಲಿ ಪ್ರಕಟವಾಯಿತು. ಅದರಂತೆ ಪಿಡುಗಿನ ಮೊದಲ ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಮನಿಸಬೇಕಾದಷ್ಟು ಖಿನ್ನತೆಯ ಲಕ್ಷಣಗಳಿದ್ದವು. ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳಿದ್ದವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಲಕ್ಷಣ ಇದೆ ಎಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಆದರೆ ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ನಾಲ್ವರಲ್ಲಿ ಮೂವರು ಹೇಗೋ ತಡೆದುಕೊಂಡರು. ಅವರನ್ನು ಕಾಯ್ದದ್ದು ಯಾವುದು?

ಮನೋಸ್ಥೈರ್ಯ ಎಂದರೆ ಅಳದಿರುವುದೇ?

ನಮ್ಮಲ್ಲಿ "ಗಟ್ಟಿ ಮನಸ್ಸು" ಎಂದರೆ ಅಳದವನು, ಏನಾದರೂ ಅಲುಗಾಡದವನು ಎಂಬ ಕಲ್ಪನೆಯಿದೆ. "ಹುಡುಗ ಅಲ್ಲವೇನೋ, ಅಳಬಾರದು" ಎನ್ನುತ್ತೇವೆ. ಮನಶ್ಶಾಸ್ತ್ರ ಹೇಳುವ ಮನೋಸ್ಥೈರ್ಯ ಬೇರೆ. ಬಿರುಗಾಳಿಗೆ ಬಿದಿರು ಬಾಗುತ್ತದೆ, ಗಾಳಿ ನಿಂತ ಮೇಲೆ ಮತ್ತೆ ನೇರವಾಗುತ್ತದೆ. ದುಃಖವಾದಾಗ ದುಃಖಪಟ್ಟು, ಸ್ವಲ್ಪ ಕಾಲದ ನಂತರ ಊಟ, ನಿದ್ದೆ, ಓದು, ಆಟಗಳಿಗೆ ಮರಳಿ ಬರುವ ಶಕ್ತಿಯೇ ಮನೋಸ್ಥೈರ್ಯ.

ಈ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಪ್ರಸಿದ್ಧವಾದ ಅಧ್ಯಯನವೊಂದು ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯ್‌ನಲ್ಲಿ ನಡೆಯಿತು. ಎಮಿ ವರ್ನರ್ ಮತ್ತು ಅವರ ಸಂಗಡಿಗರು 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಹಲವು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಕುಡಿತ, ಮನೆಯ ಜಗಳ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಎಲ್ಲವನ್ನೂ ದಾಟಿ ಸಮರ್ಥರಾಗಿ, ಇತರರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದರು. ಆ ಮಕ್ಕಳ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದ ಅಂಶಗಳಲ್ಲಿ ಒಂದು ಇದು: ಅವರಿಗೆ ಕನಿಷ್ಠ ಒಬ್ಬ ಹಿರಿಯರ ಜೊತೆ ಗಟ್ಟಿಯಾದ ಸಂಬಂಧವಿತ್ತು. ಆ ಹಿರಿಯರು ತಂದೆತಾಯಿಯೇ ಆಗಿರಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ನೆರೆಯವರು, ಶಿಕ್ಷಕರು, ಯಾರಾದರೂ ಆಗಬಹುದಿತ್ತು.

ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಆನ್ ಮಾಸ್ಟೆನ್ 2001ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಬರೆದ ಲೇಖನದ ಸಾರವೂ ಇದೇ. ಮನೋಸ್ಥೈರ್ಯ ಕೆಲವರಿಗಷ್ಟೇ ಹುಟ್ಟಿನಿಂದ ಬರುವ ವಿಶೇಷ ಗುಣವಲ್ಲ. ಮನೆಯ ಅಕ್ಕರೆ, ಗೆಳೆತನ, ಕಲಿಯುವ ಅವಕಾಶ, ದಿನಚರಿ ಮುಂತಾದ ಸಾಮಾನ್ಯ ಸಂಗತಿಗಳು ಸರಿಯಾಗಿ ನಡೆಯುತ್ತಿದ್ದರೆ ಹೆಚ್ಚಿನ ಮಕ್ಕಳು ಪುಟಿದೇಳುತ್ತಾರೆ. ಹಾಗಾದರೆ ನಮ್ಮ ಪ್ರಶ್ನೆ ಈಗ ಸ್ಪಷ್ಟವಾಯಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಲಾಗದ ದಿನಗಳಲ್ಲಿ, ಈ ಸಾಮಾನ್ಯ ಸಂಗತಿಗಳಲ್ಲಿ ಎಷ್ಟನ್ನು ಫೋನು ಹೊತ್ತು ತರಬಲ್ಲದು?

ದನಿಗೆ ಇರುವ ಶಕ್ತಿ

ಇದಕ್ಕೆ ಸಂಬಂಧಿಸಿದ ಪ್ರಯೋಗವೊಂದನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಡೆಸಿದರು. ಅದು 2012ರಲ್ಲಿ ಪ್ರಕಟವಾಯಿತು. ಏಳೂವರೆಯಿಂದ ಹನ್ನೆರಡು ವರ್ಷದ ಹೆಣ್ಣುಮಕ್ಕಳಿಗೆ ಅಪರಿಚಿತರ ಮುಂದೆ ನಿಂತು ಭಾಷಣ ಮಾಡಲು, ಲೆಕ್ಕ ಬಿಡಿಸಲು ಹೇಳಿದರು. ಯಾರಿಗಾದರೂ ಕೈಕಾಲು ನಡುಗುವ ಕೆಲಸ! ಆಮೇಲೆ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳು ತಾಯಿಯನ್ನು ಎದುರಿಗೇ ಕಂಡು ಮಾತನಾಡಿದರು. ಎರಡನೆಯ ಗುಂಪು ಫೋನಿನಲ್ಲಿ ಮಾತನಾಡಿತು. ಮೂರನೆಯ ಗುಂಪು ಕಂಪ್ಯೂಟರಿನಲ್ಲಿ ಸಂದೇಶ ಟೈಪ್ ಮಾಡಿ ತಾಯಿಯ ಉತ್ತರ ಓದಿತು. ನಾಲ್ಕನೆಯ ಗುಂಪಿಗೆ ತಾಯಿಯ ಸಂಪರ್ಕವೇ ಇರಲಿಲ್ಲ.

ಒತ್ತಡವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಆಪ್ತರ ಸಾಮೀಪ್ಯದಲ್ಲಿ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚುತ್ತದೆ. ಎದುರಿಗೆ ಮಾತನಾಡಿದ ಮಕ್ಕಳಲ್ಲಿ ಕಾರ್ಟಿಸಾಲ್ ಇಳಿಯಿತು, ಆಕ್ಸಿಟೋಸಿನ್ ಹೆಚ್ಚಿತು. ಫೋನಿನಲ್ಲಿ ತಾಯಿಯ ದನಿ ಕೇಳಿದವರಲ್ಲೂ ಹಾಗೆಯೇ ಆಯಿತು. ಆದರೆ ಸಂದೇಶ ಓದಿದ ಮಕ್ಕಳ ಸ್ಥಿತಿ ಸಂಪರ್ಕವೇ ಇಲ್ಲದ ಮಕ್ಕಳ ಸ್ಥಿತಿಗೆ ಹತ್ತಿರವಿತ್ತು. ತಾಯಿ ಬರೆದದ್ದು ಸಮಾಧಾನದ ಮಾತನ್ನೇ. ಆದರೂ ಬರೆದ ಅಕ್ಷರ ದನಿಯ ಕೆಲಸ ಮಾಡಲಿಲ್ಲ.

ಇದು ಸಣ್ಣ ಪ್ರಯೋಗ. ದೊಡ್ಡ ಹುಡುಗ ಹುಡುಗಿಯರಿಗೆ ಇದನ್ನೇ ಹಾಗೆಯೇ ಅನ್ವಯಿಸಬಾರದು. ಹದಿಹರೆಯದವರು ಬಾಯಲ್ಲಿ ಹೇಳಲಾಗದ್ದನ್ನು ಎಷ್ಟೋ ಸಲ ಬರೆದು ಹೇಳುತ್ತಾರೆ. ಆ ಬಾಗಿಲನ್ನು ಮುಚ್ಚಬಾರದು. ಆದರೆ ಇದರಿಂದ ಕಲಿಯಬಹುದಾದ ಪಾಠ ಸರಳ. ಮಗು ಬೇಸರದಲ್ಲಿದೆ ಎಂದು ತಿಳಿದಾಗ "ಚೆನ್ನಾಗಿದ್ದೀಯಾ?" ಎಂದು ಸಂದೇಶ ಕಳಿಸಿ ಸುಮ್ಮನಾಗಬೇಡಿ. ಕರೆ ಮಾಡಿ. ಎರಡು ನಿಮಿಷ ಸಾಕು. ಇದಕ್ಕೆ ಸ್ಮಾರ್ಟ್ ಫೋನ್ ಬೇಡ, ಡೇಟಾ ಬೇಡ. ಬಟನ್ ಫೋನೂ ಆದೀತು.

ನೋಡುತ್ತಾ ಕೂರುವುದು, ಕೂಡಿ ಮಾತನಾಡುವುದು

ಆನ್‌ಲೈನ್ ಸಂಪರ್ಕ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಬೇರೆ ಬೇರೆ ಸಂಗತಿಗಳಿವೆ. ರಾತ್ರಿ ಹನ್ನೊಂದರಿಂದ ಒಂದು ಗಂಟೆಯವರೆಗೆ ಬೇರೆಯವರ ಫೋಟೋ, ಚಿಕ್ಕ ಚಿಕ್ಕ ವಿಡಿಯೋಗಳನ್ನು ಬೆರಳಿನಿಂದ ಸರಿಸುತ್ತ ನೋಡುವುದು ಒಂದು ಬಗೆ. ಗೆಳತಿಯ ಜೊತೆ ಕುಳಿತು ಲೆಕ್ಕ ಬಿಡಿಸುವುದು, ನಡುವೆ ನಗುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ನೂರಾರು ಮುಖಗಳು ಕಾಣುತ್ತವೆ, ಒಬ್ಬರೂ ನಮ್ಮನ್ನು ನೋಡುವುದಿಲ್ಲ. "ಎಲ್ಲರೂ ಸುಖವಾಗಿದ್ದಾರೆ, ನಾನೊಬ್ಬನೇ ಹೀಗೆ" ಎಂಬ ಹೋಲಿಕೆ ಶುರುವಾಗುತ್ತದೆ. ಎರಡನೆಯದರಲ್ಲಿ ಮಾತಿಗೆ ಮಾತು ಬರುತ್ತದೆ. ನಾವು ಸುಮ್ಮನಾದರೆ ಯಾರೋ ಗಮನಿಸುತ್ತಾರೆ.

ಫೇಸ್‌ಬುಕ್ ಬಳಕೆಯ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮ್ಮನೆ ನೋಡುತ್ತ ಕೂರುವುದರಿಂದ ಮನಸ್ಸಿನ ನೆಮ್ಮದಿ ಇಳಿಯುತ್ತದೆ, ಅಸೂಯೆ ಹೆಚ್ಚುತ್ತದೆ ಎಂದು ತೋರಿಸಿತು. ಆಮೇಲಿನ ಸಂಶೋಧನೆಗಳು ಈ ಗೆರೆ ಅಷ್ಟು ನೇರವಲ್ಲ, ಎಲ್ಲರ ಮೇಲೂ ಒಂದೇ ಪರಿಣಾಮ ಆಗುವುದಿಲ್ಲ ಎಂದೂ ಹೇಳಿವೆ. ಆದ್ದರಿಂದ ನಿಯಮಕ್ಕಿಂತ ಗಮನ ಮುಖ್ಯ. ಫೋನು ಕೆಳಗಿಟ್ಟ ಮೇಲೆ ಮಗುವಿನ ಮುಖ ಹೇಗಿರುತ್ತದೆ ನೋಡಿ. ಹಗುರಾಗಿದೆಯೋ, ಇನ್ನಷ್ಟು ಸಪ್ಪಗಾಗಿದೆಯೋ? ಆ ಮುಖವೇ ನಿಮಗೆ ಉತ್ತರ ಹೇಳುತ್ತದೆ.

ವಿಡಿಯೋ ತರಗತಿಗಳಿಂದ ಆಗುವ ಆಯಾಸವೂ ನಿಜ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಮುಂದಿಟ್ಟರು. ಎಲ್ಲರ ಕಣ್ಣೂ ಹತ್ತಿರದಿಂದ ನಮ್ಮನ್ನೇ ದಿಟ್ಟಿಸುವಂತಿರುತ್ತದೆ. ನಮ್ಮ ಮುಖ ಸದಾ ನಮಗೇ ಕಾಣುತ್ತಿರುತ್ತದೆ. ಜಾಗ ಬಿಟ್ಟು ಅಲುಗುವಂತಿಲ್ಲ. ಎದುರಿಗಿದ್ದರೆ ಸಹಜವಾಗಿ ಅರ್ಥವಾಗುವ ತಲೆದೂಗು, ಕಣ್ಸನ್ನೆಗಳನ್ನು ಇಲ್ಲಿ ಪ್ರಯತ್ನಪಟ್ಟು ತಿಳಿಯಬೇಕು. ಆದ್ದರಿಂದ "ಕ್ಯಾಮೆರಾ ಹಾಕು" ಎಂದು ಮಗುವನ್ನು ಸದಾ ಗದರಿಸಬೇಡಿ. ತರಗತಿಯ ನಡುವೆ ಎದ್ದು ನೀರು ಕುಡಿಯಲು, ಎರಡು ಹೆಜ್ಜೆ ನಡೆಯಲು ಬಿಡಿ.

ಮರುಭೂಮಿಯ ಮಕ್ಕಳಿಂದ ಒಂದು ಪಾಠ

ದೂರದ ದನಿಯಿಂದ ಮಕ್ಕಳ ಒಂಟಿತನ ಕಳೆಯುವ ಪ್ರಯತ್ನ ಇಂಟರ್‌ನೆಟ್‌ಗಿಂತ ಹಳೆಯದು. ಆಸ್ಟ್ರೇಲಿಯದ ಮಧ್ಯಭಾಗದ ಬರಡು ನಾಡಿನಲ್ಲಿ ದನ ಸಾಕುವ ಕುಟುಂಬಗಳು ಒಂದರಿಂದೊಂದು ಬಹಳ ದೂರ ಇರುತ್ತವೆ. ಅಲ್ಲಿಯ ಮಕ್ಕಳು ಬೇರೆ ಮಕ್ಕಳನ್ನು ಕಾಣುವುದೇ ಅಪರೂಪ. ಅಡಿಲೇಡ್ ಮಿಯೆಟ್ಕೆ ಎಂಬ ಶಿಕ್ಷಣತಜ್ಞೆ ಆ ಮಕ್ಕಳ ನಾಚಿಕೆ, ಮುದುಡಿಕೊಳ್ಳುವ ಸ್ವಭಾವವನ್ನು ಗಮನಿಸಿದರು. ಹಾರುವ ವೈದ್ಯರ ಸೇವೆಗಾಗಿ ಇದ್ದ ರೇಡಿಯೋ ಜಾಲವನ್ನೇ ಮಕ್ಕಳಿಗಾಗಿ ಏಕೆ ಬಳಸಬಾರದು ಎಂದು ಕೇಳಿದವರು ಅವರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ "ಆಕಾಶ ಶಾಲೆ" ಎನ್ನಬಹುದಾದ ರೇಡಿಯೋ ಶಾಲೆ ಆರಂಭವಾಯಿತು.

ಮೊದಲು ಪಾಠ ಒಮ್ಮುಖವಾಗಿತ್ತು. ಶಿಕ್ಷಕರು ಮಾತನಾಡುವುದು, ಮಕ್ಕಳು ಕೇಳುವುದು. ಬೇಗನೆ ಪ್ರತಿ ಪಾಠದ ಕೊನೆಯಲ್ಲಿ ಪ್ರಶ್ನೋತ್ತರದ ಸಮಯ ಸೇರಿತು. ನೂರಾರು ಕಿಲೋಮೀಟರ್ ದೂರದ ಇನ್ನೊಂದು ಮಗು ಉತ್ತರ ಹೇಳುವುದು ಎಲ್ಲರಿಗೂ ಕೇಳಿಸಿತು. ಈಗ ಅಲ್ಲಿ ರೇಡಿಯೋ ಬದಲು ಇಂಟರ್‌ನೆಟ್ ಬಂದಿದೆ. ಆದರೂ ಶಿಕ್ಷಕರು ಮಕ್ಕಳ ಮನೆಗೆ ಹೋಗಿ ಬರುವ, ಮಕ್ಕಳು ವರ್ಷದಲ್ಲಿ ಕೆಲವು ಸಲ ಪಟ್ಟಣದಲ್ಲಿ ಒಟ್ಟು ಸೇರುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ಗಮನಿಸಿ. ದೂರದ ಸಂಪರ್ಕವನ್ನು ಅಷ್ಟು ಕಾಲ ಬಳಸಿದವರೂ ಮುಖಾಮುಖಿ ಭೇಟಿಯನ್ನು ಬಿಡಲಿಲ್ಲ. ದನಿ ಒಂದು ಭೇಟಿಯಿಂದ ಇನ್ನೊಂದು ಭೇಟಿಯವರೆಗೆ ಸಂಬಂಧವನ್ನು ಕಾಪಾಡುತ್ತದೆ.

ನಮ್ಮ ನಾಡಿನ ಅನುಭವ

2020ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ "ಸಂವೇದ" ಪಾಠಗಳು ಆರಂಭವಾದವು. ಟಿ.ವಿ. ಇದ್ದ ಮನೆಗಳಿಗೆ ಡೇಟಾ ಇಲ್ಲದೆಯೂ ಪಾಠ ತಲುಪಿತು. ದೂರದರ್ಶನಕ್ಕೆ ಇಂಥ ಕೆಲಸ ಹೊಸತಲ್ಲ. 1975-76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಜನ ಒಂದೇ ಟಿ.ವಿ.ಯ ಮುಂದೆ ಕುಳಿತು ಕಾರ್ಯಕ್ರಮ ನೋಡಿದ್ದರು. ಇಂದಿನ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳೂ ಅದರಲ್ಲಿದ್ದವು. ಆದರೆ ಟಿ.ವಿ.ಗೆ ಒಂದು ಮಿತಿಯಿದೆ. ಅದು ಮಾತನಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಅಕ್ಕ ತಂಗಿ ಇಬ್ಬರು ಕೂಡಿ ನೋಡಿ ಆಮೇಲೆ ಚರ್ಚಿಸಿದರೆ ಆ ಕೊರತೆ ಸ್ವಲ್ಪ ತುಂಬುತ್ತದೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆಯ "ವಿದ್ಯಾಗಮ" ಕಾರ್ಯಕ್ರಮ ಬಂತು. ಇಂಟರ್‌ನೆಟ್ ಇರುವ ಫೋನು ಉಳ್ಳವರು, ಬರೀ ಮಾತಿನ ಫೋನು ಉಳ್ಳವರು, ಫೋನೇ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಶಿಕ್ಷಕರೇ ಊರಿಗೆ ಹೋಗಿ ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಶಿಕ್ಷಕರು ಎದುರಿಸಿದ ಅಪಾಯ ಸಣ್ಣದಲ್ಲ. ಆದರೂ ಆ ಯೋಜನೆ ಒಂದು ಒಳ್ಳೆಯ ಪ್ರಶ್ನೆಯಿಂದ ಶುರುವಾಗಿತ್ತು. ಈ ಮಗುವನ್ನು ಯಾವ ದಾರಿಯಿಂದ ತಲುಪಬಹುದು ಎಂಬ ಪ್ರಶ್ನೆ ಅದು.

ಇಂದು ಯಾರು ಒಂಟಿ?

ಲಾಕ್‌ಡೌನ್ ಮುಗಿಯಿತು, ಇನ್ನೇಕೆ ಈ ಮಾತು ಎನ್ನಬಹುದು. ಒಂಟಿತನದ ಅವಧಿಗಳು ಮುಗಿದಿಲ್ಲ. ಹಳ್ಳಿಯಿಂದ ಬಂದು ನಗರದ ಹಾಸ್ಟೆಲಿನಲ್ಲಿ ಮೊದಲ ವರ್ಷ ಕಳೆಯುವ ಹುಡುಗ, ದೀರ್ಘ ಕಾಯಿಲೆಯಿಂದ ಮನೆಯಲ್ಲೇ ಉಳಿದ ಹುಡುಗಿ, ಪ್ರವೇಶ ಪರೀಕ್ಷೆಗಾಗಿ ವರ್ಷವಿಡೀ ಒಂದು ಕೋಣೆಯಲ್ಲಿ ಕುಳಿತು ಓದುವವರು, ಪರೀಕ್ಷೆಯಲ್ಲಿ ಫೇಲಾಗಿ ಗೆಳೆಯರಿಗೆ ಮುಖ ತೋರಿಸಲಾಗದವರು ನಮ್ಮ ನಡುವೆಯೇ ಇದ್ದಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಂತೆ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335. 2020ರಲ್ಲಿ 12,526. 2021ರಲ್ಲಿ 13,089. ಒಂದು ಸಾವಿಗೆ ಒಂದೇ ಕಾರಣ ಎಂದು ಹೇಳಲಾಗದು, ಹೇಳಲೂಬಾರದು. ಆದರೆ ಕಷ್ಟದಲ್ಲಿರುವ ಮಗುವನ್ನು ಯಾರಾದರೂ ಸಕಾಲದಲ್ಲಿ ಮಾತನಾಡಿಸಿದರೆ ಮುಂದಿನ ದಾರಿ ಬದಲಾಗಬಲ್ಲದು.

ನಾವು ಮಾಡಬಹುದಾದದ್ದು

ಶಿಕ್ಷಕರು: ನಿಮ್ಮ ತರಗತಿಯ ಮಗು ಹಲವು ದಿನ ಬರದಿದ್ದರೆ ವಾರಕ್ಕೊಮ್ಮೆ ಕರೆ ಮಾಡಿ. ಪಾಠದ ಮಾತಿಗೆ ಮೊದಲು ಹೆಸರು ಹಿಡಿದು ಕರೆದು, ಊಟ ನಿದ್ದೆ ವಿಚಾರಿಸಿ. ಗುಂಪಿಗೆ ಸಂದೇಶ ಕಳಿಸಿದರೆ ಅದು ಎಲ್ಲರಿಗೂ ತಲುಪುತ್ತದೆ, ಆದರೆ ಯಾರನ್ನೂ ಮುಟ್ಟದಿರಬಹುದು.

ತಂದೆತಾಯಿಯರು: ಕರೆಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಹಾಸ್ಟೆಲಿನ ಮಗುವಿಗೆ ರಾತ್ರಿ ಎಂಟು ಗಂಟೆಗೆ ಅಮ್ಮನ ಫೋನು ಬರುತ್ತದೆ ಎಂಬ ಭರವಸೆಯೇ ಒಂದು ಆಸರೆ. ಮೊದಲ ಮಾತೇ ಅಂಕದ್ದಾಗಬಾರದು. ಮನೆಯ ಕರು, ಅಜ್ಜನ ಕೆಮ್ಮು, ಪಕ್ಕದ ಮನೆಯ ಮದುವೆ, ಇಂಥ ಸಣ್ಣ ಸುದ್ದಿಗಳನ್ನೇ ಹೇಳಿ. ತಾನು ಇನ್ನೂ ಆ ಮನೆಯವನೇ ಎಂದು ಮಗುವಿಗೆ ಅನಿಸುವುದು ಅದರಿಂದಲೇ.

ವಿದ್ಯಾರ್ಥಿಗಳು: ಒಬ್ಬ ಗೆಳೆಯ, ಒಬ್ಬ ಹಿರಿಯರು, ಹೀಗೆ ಇಬ್ಬರ ಹೆಸರು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇಸರ ತಡೆಯದಾದಾಗ ಇವರಿಗೆ ಕರೆ ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿ. ಮಲಗುವಾಗ ಫೋನು ಹಾಸಿಗೆಯಿಂದ ದೂರವಿರಲಿ. ದಿನಕ್ಕೊಮ್ಮೆ ಬಿಸಿಲಿಗೆ ಮೈಯೊಡ್ಡಿ ನಡೆಯಿರಿ. ಗುಂಪಿನಲ್ಲಿ ಸದಾ ಮಾತನಾಡುತ್ತಿದ್ದ ಗೆಳತಿ ವಾರದಿಂದ ಸುಮ್ಮನಿದ್ದರೆ, ಕರೆ ಮಾಡುವವರು ನೀವೇ ಆಗಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮಗ ಇಡೀ ದಿನ ಫೋನಿನಲ್ಲೇ ಇರುತ್ತಾನೆ. ಕಸಿದುಕೊಳ್ಳಬೇಕೇ?

ಉತ್ತರ: ಥಟ್ಟನೆ ಕಸಿದರೆ ಅವನ ಗೆಳೆಯರ ಬಳಗವನ್ನೂ ಕಸಿದಂತಾಗಬಹುದು. ಮೊದಲು ಅವನು ಏನು ನೋಡುತ್ತಾನೆ, ಯಾರ ಜೊತೆ ಮಾತನಾಡುತ್ತಾನೆ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಊಟ ಮತ್ತು ಮಲಗುವ ಹೊತ್ತಿನಲ್ಲಿ ಫೋನು ಬೇಡ ಎಂಬ ನಿಯಮ ಮಾಡಿ, ಅದನ್ನು ನೀವೂ ಪಾಲಿಸಿ. ನಿದ್ದೆ, ಓದು, ಊಟ ಕೆಟ್ಟು ಹತೋಟಿ ತಪ್ಪಿದೆ ಎನಿಸಿದರೆ ವೈದ್ಯರ ಸಲಹೆ ಪಡೆಯಿರಿ. ಇಂಥ ತೊಂದರೆಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ವಿಶೇಷ ಚಿಕಿತ್ಸಾ ವಿಭಾಗವನ್ನು ಆರಂಭಿಸಿತು.

ಪ್ರಶ್ನೆ: ಹಾಸ್ಟೆಲಿನಲ್ಲಿರುವ ಮಗಳು ಫೋನು ಮಾಡಿದರೆ "ಹ್ಞೂಂ", "ಸರಿ" ಎನ್ನುತ್ತಾಳೆ, ಅಷ್ಟೇ. ಏನು ಮಾಡಲಿ?

ಉತ್ತರ: ಕೋಣೆಯಲ್ಲಿ ಬೇರೆಯವರಿದ್ದು ಮಾತನಾಡಲಾಗದಿರಬಹುದು. ಅವಳಿಗೆ ಅನುಕೂಲವಾದ ಹೊತ್ತು ಕೇಳಿ. ಮಾತು ಕಡಿಮೆಯಾದರೂ ಕರೆ ತಪ್ಪಿಸಬೇಡಿ. ಮೊದಲು ಮಾತನಾಡುತ್ತಿದ್ದವಳು ಈಗ ಬದಲಾಗಿದ್ದರೆ, ತಿಂಗಳ ಕೊನೆಗೆ ಕಾಯದೆ ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ.

ಪ್ರಶ್ನೆ: ಆನ್‌ಲೈನಿನಲ್ಲಿ ಸಿಕ್ಕ, ಎಂದೂ ನೋಡದ ಗೆಳೆಯರನ್ನು ನಂಬಬಹುದೇ?

ಉತ್ತರ: ಸಮಾನ ಆಸಕ್ತಿಯಿಂದ ಒಳ್ಳೆಯ ಸ್ನೇಹ ಬೆಳೆಯುವುದುಂಟು. ಆದರೆ ಹಣ, ಖಾಸಗಿ ಫೋಟೋ ಕೇಳುವವರು, "ಮನೆಯಲ್ಲಿ ಹೇಳಬೇಡ" ಎನ್ನುವವರು ಸ್ನೇಹಿತರಲ್ಲ. ಹಾಗಾದರೆ ತಕ್ಷಣ ಹಿರಿಯರಿಗೆ ತಿಳಿಸಬೇಕು. ತಿಳಿಸಿದ ಮಗುವನ್ನು ಬೈಯಬಾರದು. ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಯಾವಾಗ ನೆರವು ಕೇಳಬೇಕು?

ಎರಡು ವಾರಕ್ಕೂ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ನಿದ್ದೆ ಹಸಿವು ಕೆಟ್ಟರೆ, ಇಷ್ಟದ ಆಟವೂ ಬೇಡವೆಂದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ತಡ ಮಾಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಸಮಾಧಾನದಿಂದ ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅಂಥ ಯೋಚನೆ ಇದೆ ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಕೇಂದ್ರ ಸರ್ಕಾರದ "ಟೆಲಿ ಮಾನಸ್" ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಬಹುದು. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಓದುಗರೇ, ಮುಂದೆ ಇನ್ನೊಂದು ಪಿಡುಗು ಬರಬಹುದು, ನೆರೆ ಬರಬಹುದು, ಶಾಲೆಗಳು ಮತ್ತೆ ಮುಚ್ಚಬಹುದು. ಅಷ್ಟರೊಳಗೆ ಎಲ್ಲ ಊರಿಗೂ ಸಿಗ್ನಲ್ ಬರಲಿ ಎಂದು ಕೇಳೋಣ, ಅದು ಮಕ್ಕಳ ಹಕ್ಕು. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಈ ಪುಟ ಮುಚ್ಚಿದ ಮೇಲೆ, ನಿಮ್ಮ ಬಳಗದಲ್ಲಿ ಕೆಲವು ದಿನಗಳಿಂದ ಸುದ್ದಿಯಿಲ್ಲದ ಒಬ್ಬ ವಿದ್ಯಾರ್ಥಿಯನ್ನು ನೆನಪು ಮಾಡಿಕೊಳ್ಳಿ. ಇವತ್ತು ಸಂಜೆ ಅವರಿಗೊಂದು ಫೋನು ಮಾಡಿ.